ಹಲಸಿನ ಹಲಗೆಯ ದೋಣಿ

೫-೨-೧೯೭೮, ಭಾನುವಾರ

ಬೆಳಗಿನಿಂದ ನಾನೂ ಕೆಂಪಯ್ಯನೂ ಕೆರೆ ಏರಿಯ ಮೇಲೆ ಗಾಳ ಹಾಕಿ ಕೂತಿದ್ದೆವು. ಸಿಕ್ಕಿದ್ದು ಅಂಗೈಯಗಲದ ಎರಡು ಗೆಂಡೆ ಮೀನು. ಬೆಕ್ಕಿಗೂ ಸಾಲದು. ಹೋದ ವರ್ಷದ ಮಳೆಗೆ ನಮ್ಮ ದೊಡ್ಡಕೆರೆ ಹನ್ನೊಂದು ವರ್ಷದ ಮೇಲೆ ಕೋಡಿ ಬಿದ್ದಿದೆ. ಕೆರೆಯಂಗಳದ ಜಾಲಿ ಮರಗಳೆಲ್ಲ ಮುಳುಗಿ ತಲೆ ಮಾತ್ರ ಕಾಣುತ್ತಿವೆ. ದೊಡ್ಡ ಕೊರವ ಮೀನುಗಳು ಆ ಜಾಲಿಯ ಬುಡದಲ್ಲಿ ಸಂಸಾರ ಹೂಡಿವೆ. ನಮ್ಮ ದಾರ ಅರ್ಧ ದಾರಿಗೂ ಹೋಗುವುದಿಲ್ಲ. ಮಧ್ಯಾಹ್ನ ಒಂದು ಮೀನು ಎಗರಿ ಬಿದ್ದ ಸದ್ದಿಗೆ ಏರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ತೊಡೆಗಾತ್ರ ಇತ್ತು ಎಂದು ಕೆಂಪಯ್ಯ, ಮೊಣಕೈ ಉದ್ದ ಇತ್ತು ಎಂದು ನಾನು. ಅದರ ಮೇಲೆ ಅರ್ಧ ಗಂಟೆ ಜಗಳ.

‘ಲೇ ಶ್ರೀರಂಗ, ಇಬ್ರೂ ಸೇರಿ ಒಂದು ದೋಣಿ ತಗೊಳ್ಳಾನ ಕಣ್ಲಾ,’ ಅಂದ.

ನನ್ನ ಮನಸ್ಸಿನಲ್ಲಿದ್ದದ್ದೂ ಅದೇ. ಇಪ್ಪತ್ತು ವರ್ಷ ಒಟ್ಟಿಗೆ ಗಾಳ ಹಾಕಿದವರ ಮನಸ್ಸು ಹೀಗೆಯೇ.

‘ಆರ್ಸೋದು ನಿನ್ನ ಕೆಲ್ಸ. ನೀನು ಪೋಸ್ಟ್ ಮಾಸ್ಟ್ರು, ನಾಕೂರಿಗೆ ಕಾಗ್ದ ಬರೀಬಲ್ಲೆ. ಹೊತ್ಕೊಂಡು ಬಾ ಅಂದ್ರೆ ನಾನು ಹೊತ್ಕೊಂಡು ಬತ್ತೀನಿ,’ ಅಂದ.

ಮನೆಗೆ ಬಂದು ಹೇಳಿದರೆ ಹೊಂಬಾಳಮ್ಮ ಸೌಟು ಹಿಡಿದುಕೊಂಡೇ ನಕ್ಕಳು. ‘ನಿಮಗೆ ಈಜು ಬತ್ತದೇನ್ರೀ?’ ಎಂದು ಕೇಳಿದಳು. ಹೆಂಡತಿಯ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಾ ಕೂತರೆ ಆಗುವುದಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯವರು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ದೋಣಿಯ ವಿಚಾರಕ್ಕೆ ಇಟ್ಟುಕೊಂಡಿದ್ದೇನೆ.

೧೪-೨-೧೯೭೮

ಐದು ಕಡೆಗೆ ಕಾರ್ಡು ಬರೆದೆ. ಎಲ್ಲವನ್ನೂ ಚೀಲಕ್ಕೆ ಹಾಕಿ ಕಾಟಯ್ಯನ ಕೈಗೆ ಕೊಟ್ಟೆ. ಕಾಟಯ್ಯ ಗೊಲ್ಲರ ಹಟ್ಟಿಯವನು. ದಿನಾ ಬೆಳಗ್ಗೆ ಶೆಟ್ಟಿಕೆರೆಗೆ ನಡೆದು ಹೋಗಿ ಟಪಾಲು ಚೀಲ ತರುತ್ತಾನೆ. ನಮ್ಮ ಮನೆ ಜಗಲಿಯೇ ಅಂಚೆ ಕಚೇರಿ. ನಾನು ಚೀಲ ಬಿಚ್ಚಿ, ಠಸ್ಸೆ ಹೊಡೆದು, ಕಾಗದಗಳನ್ನು ಊರುವಾರು ಜೋಡಿಸಿ ಕೊಟ್ಟರೆ ಅವನು ಮನೆಮನೆಗೆ ಹಂಚಿ ಬರುತ್ತಾನೆ. ಅಕ್ಷರ ಬರುವುದಿಲ್ಲ, ಜೋಡಿಸಿದ ಕ್ರಮವೇ ಅವನಿಗೆ ಓದು. ಇಷ್ಟು ವರ್ಷದಲ್ಲಿ ಒಂದು ಕಾಗದವೂ ಅದಲುಬದಲಾಗಿಲ್ಲ.

ದೋಣಿಯ ಸುದ್ದಿ ಕೇಳಿ, ‘ನೀರಿಗೆ ಇಳ್ಯೋ ಕುರೀನೇ ನಾನು ಕಂಡಿಲ್ಲ ಸ್ವಾಮಿ, ಇನ್ನು ಪೋಸ್ಟ್ ಮಾಸ್ಟ್ರು ಇಳೀತಾರಾ,’ ಅಂದ. ಸಲುಗೆ ಜಾಸ್ತಿಯಾಗಿದೆ ಅವನಿಗೆ.

೧೯-೨-೧೯೭೮, ಭಾನುವಾರ

ಕೆಂಪಯ್ಯನ ಜೊತೆ ಶ್ರೀರಂಗಪಟ್ಟಣದ ಕಡೆ ಹೋಗಿ ಹರಿಗೋಲು ನೋಡಿ ಬಂದೆ. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲು. ಹಗುರ, ಒಬ್ಬನೇ ತಲೆ ಮೇಲೆ ಹೊತ್ತುಕೊಂಡು ಹೋಗಬಹುದು. ಸದ್ದೇ ಇಲ್ಲ, ಮೀನು ಬೆದರುವುದಿಲ್ಲ. ಇಷ್ಟು ಗುಣ ಬರೆದುಕೊಂಡು ಒಳಗೆ ಕೂತೆ. ಬುಟ್ಟಿ ಗಿರ್ರನೆ ತಿರುಗಿತು. ನದಿ ಎತ್ತ, ದಡ ಎತ್ತ ಒಂದೂ ತಿಳಿಯಲಿಲ್ಲ. ಹುಟ್ಟು ಹಾಕುತ್ತಿದ್ದವನು ‘ಸುಮ್ನೆ ಕೂತ್ಕೊಳ್ಳಿ ಯಜಮಾನ್ರೆ’ ಎಂದು ಗದರಿದ. ಹಗ್ಗ ಹಿಡಿದು ದಡದಲ್ಲಿ ನಿಂತಿದ್ದ ಕೆಂಪಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತೊಗಲನ್ನು ಇಲಿ ಕಡಿಯುತ್ತದಂತೆ. ಬೇಡ.

ಬಸ್ಸಿನಲ್ಲಿ ಬರುವಾಗ ಕೆಂಪಯ್ಯ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದ. ಕೆಳಗೆ ಬೀಳದ ಹಾಗೆ ಮೂರು ಗಂಟೆ ಅಲ್ಲಾಡದೆ ಕೂತಿದ್ದೆ.

೫-೩-೧೯೭೮, ಭಾನುವಾರ

ತಿಪಟೂರಿನಲ್ಲಿ ಲಾರಿ ಬಾಡಿ ಕಟ್ಟುವ ಒಬ್ಬ ತಗಡಿನ ದೋಣಿ ಮಾಡಿಟ್ಟಿದ್ದಾನೆ. ನೋಡುವುದಕ್ಕೆ ಲಕಲಕ ಹೊಳೆಯುತ್ತದೆ. ನಾನು ತೆಂಗಿನಕಾಯಿ ನೋಡುವ ಹಾಗೆ ಬೆರಳಿನ ಗೆಣ್ಣಿನಿಂದ ಬಡಿದೆ. ಢಣ್ ಎಂದಿತು. ಒಳಗೆ ಕೂತು ಕೆಮ್ಮಿದರೂ ಕೆರೆಯ ಮೀನೆಲ್ಲ ಕಂದಿಕೆರೆಯ ತನಕ ಓಡುತ್ತದೆ. ಕೆಂಪಯ್ಯನಿಗೆ ಇದೇ ಹಿಡಿಸಿತು. ‘ಗಟ್ಟಿ ಅದೆ, ಬಲೆ ಎಳುದ್ರೂ ತಡೀತದೆ,’ ಅಂದ. ನಮಗೆ ಬಲೆಯ ಮಾತು ಯಾಕೆ ಅಂದೆ. ಬೆಲೆ ಕೇಳುವುದಕ್ಕೆ ಅತ್ತ ಹೋದ.

೨೬-೩-೧೯೭೮, ಭಾನುವಾರ

ಸಿಕ್ಕಿತು!

ಹೇಮಾವತಿ ಕಡೆಯ ಒಂದು ಕಡವಿನಲ್ಲಿ ಸೇತುವೆಯಾದ ಮೇಲೆ ಕೆಲಸವಿಲ್ಲದೆ ಹುಣಸೆ ಮರದ ಕೆಳಗೆ ಬೋರಲು ಬಿದ್ದಿದೆ. ಮೂರಾಳು ಕೂರುವಷ್ಟು ಚಿಕ್ಕದು. ಹಲಸಿನ ಹಲಗೆ. ಬಡಿದರೆ ಬಲಿತ ಕಾಯಿಯ ಹಾಗೆ ತುಂಬಿದ ಸದ್ದು. ಒಂದು ಕಡೆ ಸಂದಿನಲ್ಲಿ ನೀರು ಜಿನುಗುತ್ತದೆ, ಟಾರು ಬಳಿದರೆ ಸರಿಹೋಗುತ್ತದೆ. ನಾನೂ ಕೆಂಪಯ್ಯನೂ ನೀರಿಗೆ ಬಿಟ್ಟು ಕೂತೆವು. ತಿರುಗಲಿಲ್ಲ, ಓಲಾಡಲಿಲ್ಲ. ಎದುರಾಬದುರು ಕೂತು ಇಬ್ಬರೂ ಗಾಳ ಹಾಕಬಹುದು, ನಡುವೆ ಬುತ್ತಿ ಇಟ್ಟುಕೊಳ್ಳಬಹುದು.

ಒಡತಿ ಮರಿಯಮ್ಮ, ಅಂಬಿಗನ ವಿಧವೆ. ಗಂಡ ಕಟ್ಟಿದ ದೋಣಿಯಂತೆ. ಕೊಳ್ಳುತ್ತೇನೆ ಅಂದರೂ ಸುಲಭಕ್ಕೆ ಒಪ್ಪಲಿಲ್ಲ.

‘ಬಲೆ ಬಿಡೋರ್ಗೆ ಕೊಡಾಕಿಲ್ಲ ಸ್ವಾಮಿ. ಬಲೆ ಎಳ್ದೂ ಎಳ್ದೂ ಅಂಚು ಕಿತ್ತಾಕ್ತಾರೆ. ಮೂರು ಜನ ಬಂದಿದ್ರು, ವಾಪಸ್ ಕಳ್ಸಿದೀನಿ,’ ಅಂದಳು.

ನಾನು ಗಾಳದವನು, ಸರ್ಕಾರಿ ಟಪಾಲು ನೋಡುವವನು, ಮಾತಿಗೆ ತಪ್ಪುವವನಲ್ಲ ಎಂದು ಹೇಳಿದೆ. ಬಹಳ ಹೊತ್ತು ನನ್ನ ಮುಖ ನೋಡಿದಳು. ‘ಆಯ್ತು. ನೀವು ಬರೋಗಂಟ ಬ್ಯಾರೇರ್ಗೆ ಕೊಡಲ್ಲ. ನಿಮ್ಮೆಸ್ರು ಹೇಳ್ಕೊಂಡು ಬಂದೋರ್ಗೆ ಮಾತ್ರ ಕೊಡ್ತೀನಿ,’ ಅಂದಳು.

ಅಟ್ಟದ ಮೇಲಿನ ಕಾಯಿ ಇನ್ನೂ ಒಣಗಬೇಕು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಎನ್ನುವುದಕ್ಕೆ ಇನ್ನೆರಡು ತಿಂಗಳು. ಕೊಬ್ಬರಿ ಮಂಡಿಗೆ ಹೋಯಿತೋ, ದೋಣಿ ಕೆರೆಗೆ ಬಂತು. ಬಹಳ ಸಂತೋಷವಾಗಿದೆ. ಇಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಹೊಂಬಾಳಮ್ಮನಿಗೆ ಓದು ಬರದಿರುವುದು ಒಳ್ಳೆಯದೇ ಆಯಿತು.

೨೩-೪-೧೯೭೮

ಕೆಂಪಯ್ಯ ಮೂರು ಭಾನುವಾರದಿಂದ ಏರಿಗೆ ಬಂದಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಏನೋ ಕೆಲಸವಂತೆ. ಅವನಿಲ್ಲದೆ ಗಾಳ ಹಾಕಿದರೆ ಮೀನು ಸಿಕ್ಕರೂ ಹೇಳುವುದಕ್ಕೆ ಯಾರೂ ಇಲ್ಲ. ದೋಣಿಗೆ ಬೇಕಾದ ಟಾರು ತಂದಿಟ್ಟಿದ್ದೇನೆ. ಹೊಂಬಾಳಮ್ಮ ಅದನ್ನು ಹಿತ್ತಲಿಗೆ ಹಾಕಿಸಿದಳು, ವಾಸನೆಯಂತೆ.

೧೬-೫-೧೯೭೮, ಮಂಗಳವಾರ

ಚೀಲ ಬಿಚ್ಚಿದೆ. ಮೇಲೆಯೇ ನನ್ನ ಹೆಸರಿನ ಒಂದು ಕಾರ್ಡು. ಯಾರ ಕೈಲೋ ಬರೆಸಿದ್ದಾಳೆ ಮರಿಯಮ್ಮ. ಹಾಗೆಯೇ ಇಳಿಸುತ್ತೇನೆ:

‘ನೀವು ಕಳಿಸಿದ ಕೆಂಪಯ್ಯನವರು ಲಾರಿ ತಂದು ನಿಮ್ಮ ಹೆಸರು ಹೇಳಿ ದೋಣಿ ತೆಗೆದುಕೊಂಡು ಹೋದರು. ಕ್ಷೇಮವಾಗಿ ಊರು ಸೇರಿತೆ? ಬಿಸಿಲಿಗೆ ಬಿಡಬೇಡಿ, ಹಲಗೆ ಬಿರಿಯುತ್ತದೆ. ನಿಮ್ಮ ಮೇಲಿನ ನಂಬಿಕೆಯಿಂದ ಕೊಟ್ಟಿದ್ದೇನೆ.’

ಕಾರ್ಡಿಗೆ ಠಸ್ಸೆ ಹೊಡೆಯುವುದನ್ನೂ ಮರೆತು ಕೂತಿದ್ದೆ. ಕಾಟಯ್ಯ ‘ಯಾರಾದ್ರೂ ತೀರ್ಕೊಂಡ್ರಾ ಸ್ವಾಮಿ?’ ಎಂದು ಕೇಳಿದ. ಬರೇ ಕ್ಷೇಮಸಮಾಚಾರ ಅಂದೆ.

ನನಗೆ ಹೇಳದೆ ನನ್ನನ್ನು ಬೆರಗುಗೊಳಿಸಬೇಕು ಎಂದು ತಂದಿರಬೇಕು. ಕೆಂಪಯ್ಯ ಹುಡುಗಾಟದ ಮನುಷ್ಯ.

೧೮-೫-೧೯೭೮, ಗುರುವಾರ

ಹುಡುಗಾಟವಲ್ಲ.

ಎರಡು ದಿನ ಕಾದೆ, ಅವನಾಗಿ ಬರಲಿಲ್ಲ. ಇವತ್ತು ನಾನೇ ಹೋದೆ. ದೋಣಿ ಅವನ ಕಣದಲ್ಲಿ ಇತ್ತು. ಬಿಸಿಲಿನಲ್ಲಿ. ಒಳಗೆ ರಾಶಿ ಹೊಸ ನೈಲಾನ್ ಬಲೆ. ಕೆಂಪಯ್ಯ ತೋಟದಿಂದ ಬಂದವನು ನನ್ನನ್ನು ನೋಡಿ ಕಾಲು ತೊಳೆಯುವುದಕ್ಕೆ ನಿಂತ. ಅಷ್ಟು ಹೊತ್ತು ಕಾಲು ತೊಳೆದವನನ್ನು ನಾನು ಕಂಡಿಲ್ಲ.

‘ಕೆರೆ ಮೀನು ಹರಾಜಾಯ್ತು ಕಣ್ಲಾ, ನಾನೇ ಕೂಗಿ ಹಿಡ್ದೆ. ಇಷ್ಟು ವರ್ಸ ಇಷ್ಟೊಂದು ನೀರಿರ್ಲಿಲ್ಲ, ಯಾರೂ ಕೂಗ್ತಿರ್ಲಿಲ್ಲ. ಈಗ ನಾನು ಬುಟ್ರೆ ಇನ್ಯಾರೋ ಹಿಡೀತಿದ್ರು. ಕೊಬ್ಬರಿ ಮಂಡಿ ಮಲ್ಲಿಕಾರ್ಜುನಯ್ಯನೋರು ಪಾಲಿಗೆ ಬಂದ್ರು. ಮೂರ್ನೇ ಪಾಲು ಬ್ಯಾಡ ಅಂದ್ರು,’ ಅಂದ.

‘ದೋಣಿ?’

‘ಬಲೆ ಬಿಡಾಕೆ ಬೇಕಿತ್ತು. ನೀನು ಆರ್ಸಿದ್ ಮ್ಯಾಲೆ ಇನ್ನೇನು ನೋಡಾದು ಅಂತ ಅದ್ನೇ ತಂದ್ವಿ.’

‘ನನ್ನ ಹೆಸರು ಹೇಳಿ ತಂದೆ.’

‘ಹೇಳ್ದಿದ್ರೆ ಆ ಯಮ್ಮ ಕೊಡ್ತಿರ್ಲಿಲ್ಲವಲ್ಲ,’ ಎಂದು ಅರ್ಧ ನಕ್ಕ. ಅವನಿಗೆ ಅದು ತಮಾಷೆ.

ಆಗಲೇ ಹೊರಟು ಬಂದಿದ್ದರೆ ಚೆನ್ನಾಗಿತ್ತು. ನಿಂತದ್ದಕ್ಕೆ ಇನ್ನೊಂದು ಮಾತೂ ಕೇಳಬೇಕಾಯಿತು.

‘ಮೀನಿನ ಇಲಾಖೇಯಿಂದ ಒಪ್ಪಿಗೆ ಕಾಗ್ದ ಬಂದ್ಮೇಲೆ ಏರಿ ಮ್ಯಾಲೆ ಯಾರೂ ಗಾಳ ಹಾಕಂಗಿಲ್ಲ. ಮಲ್ಲಿಕಾರ್ಜುನಯ್ಯನೋರು ಖಡಕ್ಕಾಗಿ ಹೇಳವ್ರೆ. ನಿಂಗೊಬ್ಬಂಗೆ ಬುಟ್ರೆ ಊರೋರೆಲ್ಲ ಕೇಳ್ತಾರೆ. ಅರ್ಥ ಮಾಡ್ಕೊ ಶ್ರೀರಂಗ.’

ಅರ್ಥವಾಯಿತು. ಹರಿಗೋಲಿನಲ್ಲಿ ನಾನು ಬುಗುರಿಯಾಗಿ ತಿರುಗಿದ್ದು, ತಗಡು ಬಡಿದದ್ದು, ಆ ಹೆಂಗಸಿನ ಮುಂದೆ ಮಾತಿಗೆ ತಪ್ಪುವವನಲ್ಲ ಎಂದು ಎದೆಯುಬ್ಬಿಸಿದ್ದು, ಎಲ್ಲ ಇವನ ಬಲೆಗೆ. ತಗಡಿನ ದೋಣಿ ನೋಡುವಾಗ ಬಲೆಯ ಮಾತು ಅವನ ಬಾಯಿಂದ ಬಂದಿತ್ತು. ಬರೆದೂ ಇಟ್ಟಿದ್ದೇನೆ, ನಾಲ್ಕು ಹಾಳೆ ಹಿಂದೆ. ಬರೆದವನಿಗೇ ತಿಳಿಯಲಿಲ್ಲ.

ಊಟ ಸೇರಲಿಲ್ಲ. ಹೊಂಬಾಳಮ್ಮ ಯಾಕೆ ಎಂದು ಕೇಳಿದಾಗ ಅಳು ಬಂತು. ನಲವತ್ತೆಂಟು ವರ್ಷದವನು ದೋಣಿಗೆ ಅತ್ತೆ ಎಂದರೆ ನಗುತ್ತಾರೆ. ಅವಳು ನಗಲಿಲ್ಲ.

೧೯-೫-೧೯೭೮

ಮರಿಯಮ್ಮನಿಗೆ ಉತ್ತರ ಬರೆಯಬೇಕು. ಏನು ಬರೆಯುವುದು?

೪-೬-೧೯೭೮, ಭಾನುವಾರ

ಏರಿಗೆ ಹೋಗಲಿಲ್ಲ. ಒಪ್ಪಿಗೆ ಬರುವ ತನಕ ಗಾಳ ಹಾಕಬಹುದು, ಆದರೆ ಅವನ ಕಣ್ಣೆದುರು ಕೂರುವುದಕ್ಕೆ ಆಗದು. ಹಿತ್ತಲಿನ ತೆಂಗಿನ ಪಾತಿ ಕೆದಕಿದೆ. ‘ಹೋಗಿ ಮಾತಾಡ್ಸಿ ಬನ್ನಿ, ಇಪ್ಪತ್ತು ವರ್ಸದ ಗೆಣೆಕಾರ,’ ಎಂದಳು ಹೊಂಬಾಳಮ್ಮ. ಗೆಣೆಕಾರ ಸತ್ತ ಅಂದೆ. ‘ಬುಡ್ತು ಅನ್ನಿ!’ ಎಂದು ಬೈದಳು. ನಾನು ಅನ್ನಲಿಲ್ಲ.

೧೩-೬-೧೯೭೮, ಮಂಗಳವಾರ

ಬಿತ್ತನೆಗೆ ಮುಂಚೆ ಕಾಟಯ್ಯನ ಹಟ್ಟಿಯಲ್ಲಿ ದೇವರಿಗೆ ಐದು ದಿನ ಮೀಸಲು ಹಿಡಿಯುತ್ತಾರೆ. ಆ ಐದು ದಿನ ಗಂಡಸರು ಹಟ್ಟಿಯ ಮುಳ್ಳುಬೇಲಿ ದಾಟುವಂತಿಲ್ಲ. ಇಲಾಖೆಗೆ ಇದೆಲ್ಲ ಗೊತ್ತಿಲ್ಲ, ರಜೆ ಕೇಳಿದರೆ ಬದಲಿ ಆಳು ಕೊಡು ಎನ್ನುತ್ತದೆ. ಅದಕ್ಕೆ ಪ್ರತಿ ವರ್ಷವೂ ಆ ಐದು ದಿನ ನಾನೇ ಸೈಕಲ್ಲಿನಲ್ಲಿ ಹೋಗಿ ಚೀಲ ತಂದು, ಪುಸ್ತಕದಲ್ಲಿ ಅವನಿಗೆ ಹಾಜರಿ ಹಾಕುತ್ತೇನೆ. ಹದಿನಾಲ್ಕು ವರ್ಷದಿಂದ ನಡೆದು ಬಂದಿದೆ. ಪುಸ್ತಕಕ್ಕೆ ಇದು ಸುಳ್ಳು, ನನ್ನ ಮನಸ್ಸಿಗೆ ಸುಳ್ಳು ಅನ್ನಿಸಿಲ್ಲ.

ಇವತ್ತು ಮೂರನೆಯ ದಿನ. ಚೀಲದಲ್ಲಿ ಮೀನುಗಾರಿಕೆ ಇಲಾಖೆಯ ಮುದ್ರೆಯಿದ್ದ ಉದ್ದನೆಯ ಲಕೋಟೆ, ಕೆಂಪಯ್ಯನ ಹೆಸರಿಗೆ. ರಿಜಿಸ್ಟರ್ ಅಲ್ಲ, ಸಾದಾ ಟಪಾಲು. ಒಪ್ಪಿಗೆ ಕಾಗದವೇ ಇರಬೇಕು. ಉಳಿದ ಕಾಗದಗಳನ್ನು ಕೊಟ್ಟು ಬಂದೆ. ಅದೊಂದನ್ನು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಅವನ ಬಾಗಿಲಿಗೆ ಹೋಗಿ ನಾನೇ ಕೈಗೆ ಕೊಡಬೇಕೇ? ಕಾಟಯ್ಯ ಬಂದ ಮೇಲೆ ಕೊಡುತ್ತಾನೆ.

೧೬-೬-೧೯೭೮

ಕಾಟಯ್ಯ ಬಂದ. ಮೀಸಲಿನ ಬೆಲ್ಲ, ಕೊಬ್ಬರಿ ತಂದು ಹೊಂಬಾಳಮ್ಮನ ಕೈಗೆ ಕೊಟ್ಟ. ಹಟ್ಟಿಯ ಸುದ್ದಿ ಹೇಳುತ್ತಾ ಕೂತ. ಆ ಗಡಿಬಿಡಿಯಲ್ಲಿ ಲಕೋಟೆ ಕೊಡುವುದು ಮರೆತುಹೋಯಿತು.

೨೦-೬-೧೯೭೮

ಮರೆತದ್ದಲ್ಲ. ನನಗೆ ನಾನೇ ಯಾಕೆ ಸುಳ್ಳು ಬರೆದುಕೊಳ್ಳಲಿ. ನಾಲ್ಕು ದಿನ ಅವನೂ ಕಾಯಲಿ ಎಂದು ಇಟ್ಟುಕೊಂಡಿದ್ದೇನೆ. ನಾನು ಎಷ್ಟು ಕಾದಿಲ್ಲ? ಕೆಂಪಯ್ಯ ದಿನಾ ದಾರಿಯಲ್ಲಿ ಕಾಟಯ್ಯನನ್ನು ನಿಲ್ಲಿಸಿ ‘ನಂದೇನಾದ್ರೂ ಐತೇನ್ಲಾ?’ ಎಂದು ಕೇಳುತ್ತಾನಂತೆ. ಇಲ್ಲ ಎಂದು ಕಾಟಯ್ಯ ಹೇಳುತ್ತಾನೆ. ಅವನು ಹೇಳುವುದು ನಿಜವೇ.

ಲಕೋಟೆ ಒಡೆದು ಓದಿಲ್ಲ. ಇನ್ನೊಬ್ಬರ ಕಾಗದ ಒಡೆಯುವಷ್ಟು ಕೀಳು ಬುದ್ಧಿ ನನ್ನದಲ್ಲ.

೨೫-೬-೧೯೭೮, ಭಾನುವಾರ

ಏರಿಯ ಮೇಲೆ ಒಬ್ಬನೇ ಗಾಳ ಹಾಕಿದೆ. ಒಂದು ಕೊರವ ಸಿಕ್ಕಿತು. ಹೊಂಬಾಳಮ್ಮ ಸಾರು ಚೆನ್ನಾಗಿ ಮಾಡಿದ್ದಳು. ಬಹಳ ದಿನದ ಮೇಲೆ ಎರಡು ಮುದ್ದೆ ಉಂಡೆ.

೨-೭-೧೯೭೮

ಈಗ ಕೊಟ್ಟರೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾನೆ. ಶೆಟ್ಟಿಕೆರೆಯ ಠಸ್ಸೆಯ ಮೇಲೆ ತಾರೀಖು ಎದ್ದು ಕಾಣುತ್ತದೆ. ಹಾಗಾಗಿ ಕೊಡುವ ಹಾಗೂ ಇಲ್ಲ.

೧೨-೭-೧೯೭೮, ಬುಧವಾರ

ಕೆಂಪಯ್ಯ ಬಂದಿದ್ದ. ಎರಡು ತಿಂಗಳ ಮೇಲೆ ನಮ್ಮ ಜಗಲಿ ಹತ್ತಿದ.

ತುಮಕೂರಿಗೆ ಹೋಗಿ ಕಚೇರಿಯಲ್ಲಿ ವಿಚಾರಿಸಿದನಂತೆ. ಜೂನ್ ಮುಗಿಯುವುದರೊಳಗೆ ಬಂದು ಕರಾರಿಗೆ ಸಹಿ ಹಾಕಬೇಕು ಎಂದು ಕಾಗದ ಕಳಿಸಿದ್ದರಂತೆ. ರವಾನೆ ಪುಸ್ತಕದಲ್ಲಿ ತಾರೀಖಿನ ಸಮೇತ ತೋರಿಸಿದರಂತೆ. ಇವನು ಹೋಗಲಿಲ್ಲ, ಹರಾಜು ರದ್ದು. ಮಲ್ಲಿಕಾರ್ಜುನಯ್ಯ ‘ಒಂದು ಕಾಗದ ಕಾಯೋಕೆ ಆಗದವನ ಜೊತೆ ಏನು ವ್ಯಾಪಾರ’ ಎಂದು ಕೈಬಿಟ್ಟನಂತೆ. ಈ ವರ್ಷ ಕೆರೆ ಯಾರ ಪಾಲೂ ಅಲ್ಲ.

ಹೇಳುತ್ತಾ ಹೇಳುತ್ತಾ ಟವೆಲ್ಲು ಬಾಯಿಗೆ ಹಿಡಿದು ಬಿಕ್ಕಿದ. ‘ನಿಂಗೆ ಮಾಡಿದ್ ಮೋಸಕ್ಕೆ ಸರಿಯಾಗಿ ಕೊಟ್ಟ ದೇವ್ರು. ನಾನು ಮನ್ಸ ಅಲ್ಲ ಕಣ್ಲಾ ಶ್ರೀರಂಗ. ದುರಾಸೆ ಬಂದ್ಬುಡ್ತು. ನನ್ನ ಕ್ಷಮಿಸ್ಬುಡು,’ ಅಂದ.

ಈ ಮಾತು ಕೇಳಬೇಕೆಂದು ಎಷ್ಟು ದಿನ ಕಾದಿದ್ದೆನೋ ನನಗೇ ಗೊತ್ತು. ಲಕೋಟೆ ಅವನ ಮೊಣಕಾಲಿಗೆ ಒಂದು ಗೇಣು ದೂರದ ಖಾನೆಯಲ್ಲಿತ್ತು. ತೆಗೆದು ಕೊಟ್ಟುಬಿಡೋಣ ಎಂದು ಒಂದು ಸಲ ಅನ್ನಿಸಿತು. ಬೈಯಲಿ, ಹೊಡೆಯಲಿ, ಮುಗಿದುಹೋಗುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅವನೇ, ‘ಶೆಟ್ಟಿಕೆರೆಯೋರು ಚೀಲ್ದಲ್ಲಿ ಹಾಕಿದ್ದು ದಿಟ ಅಂತಾರೆ. ನಿನ್ನ ಕೈಗೆ ಬಂದ್ಮೇಲೆ ತಪ್ಪಾಕಿಲ್ಲ, ನನಗೊತ್ತಿಲ್ವಾ. ಆ ಕಾಟಯ್ಯನೇ ಎಲ್ಲೋ ಕಳ್ದವ್ನೆ. ಅವ್ನ ಮ್ಯಾಲೊಂದು ಅರ್ಜಿ ಬರ್ಕೊಡು,’ ಅಂದ.

ಇಷ್ಟೆಲ್ಲ ಆದಮೇಲೂ ನನ್ನ ಮೇಲೆ ಅವನಿಗೆ ಒಂದು ಚೂರು ಅನುಮಾನವಿಲ್ಲ. ಏನು ಹೇಳಲಿ ಇಂಥವನಿಗೆ?

ನಾಳೆ ಬಾ ಅಂದೆ.

೧೩-೭-೧೯೭೮

ಅರ್ಜಿ ಬರೆದೆ. ಮೇಲಧಿಕಾರಿಗಳ ಸನ್ನಿಧಾನಕ್ಕೆ ಎಂದು ಮೊದಲಾಗಿ ಒಂದೂವರೆ ಪುಟ. ‘ಬಟವಾಡೆಯವರ ಅಜಾಗರೂಕತೆಯಿಂದ’ ಎಂದಷ್ಟೇ ಬರೆದಿದ್ದೇನೆ, ಕಳ್ಳತನ ಗಿಳ್ಳತನ ಎಂದು ಬರೆದಿಲ್ಲ. ನಾನು ಬರೆಯದಿದ್ದರೆ ಬೇರೆ ಯಾರಾದರೂ ಇದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದರು. ಅಕ್ಷರ ದುಂಡಗೆ ಬಂತು. ಕೆಂಪಯ್ಯ ಓದಿಸಿಕೊಂಡು ಕಣ್ಣೊರೆಸಿಕೊಂಡ.

ಅರ್ಜಿಯನ್ನು ಚೀಲಕ್ಕೆ ಹಾಕಿ ಶೆಟ್ಟಿಕೆರೆಗೆ ತೆಗೆದುಕೊಂಡು ಹೋದವನು ಕಾಟಯ್ಯನೇ.

೧೬-೭-೧೯೭೮, ಭಾನುವಾರ

ಸ್ನಾನದ ಒಲೆಗೆ ತೆಂಗಿನ ಮಟ್ಟೆ ಹಾಕುವಾಗ ಅದನ್ನೂ ಹಾಕಿದೆ. ಒಡೆಯದೆ. ಹೊಂಬಾಳಮ್ಮ ನೀರು ತೋಡಲು ಬಂದವಳು ‘ಏನದು ಹಾಕಿದ್ದು?’ ಎಂದು ಕೇಳಿದಳು. ರದ್ದಿ ಕಾಗದ ಅಂದೆ. ಅರ್ಧ ಉರಿದ ಲಕೋಟೆಯ ಮೇಲಿನ ಮುದ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಓದು ಬರದವಳಿಗೂ ಸರ್ಕಾರದ ಮುದ್ರೆ ಗೊತ್ತಾಗುತ್ತದೆ.

೨೭-೭-೧೯೭೮, ಗುರುವಾರ

ಇನ್‌ಸ್ಪೆಕ್ಟರು ಬಂದಿದ್ದರು. ಮೆತ್ತಗಿನ ಮನುಷ್ಯ, ಎಳನೀರು ಕುಡಿದರು. ಪುಸ್ತಕ ತೆಗೆದು, ಲಕೋಟೆ ಶೆಟ್ಟಿಕೆರೆ ಬಿಟ್ಟ ಜೂನ್ ಹದಿಮೂರರಂದು ಕಾಟಯ್ಯನ ಹಾಜರಿ ಇದೆ ಎಂದು ಬೆರಳಿಟ್ಟು ತೋರಿಸಿದರು. ನಾನೇ ಹಾಕಿದ ಆ ಸುಳ್ಳು ಹಾಜರಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಅರ್ಜಿ ಬರೆಯುವಾಗಲೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಬರೆಯುತ್ತಿರಲಿಲ್ಲ ಎಂದುಕೊಂಡೆ.

‘ಅವತ್ತು ನೀನೇ ಅಲ್ವೇನಪ್ಪಾ ಟಪಾಲು ಹಂಚಿದ್ದು?’ ಎಂದು ಕೇಳಿದರು.

ಕಾಟಯ್ಯ ಜಗಲಿಯ ಕೆಳಗೆ ಕೈಕಟ್ಟಿ ನಿಂತಿದ್ದ. ಬೆರಳು ಮಡಿಸಿ ದಿನ ಲೆಕ್ಕ ಹಾಕಿದ. ಅದು ಮೀಸಲಿನ ನಡುವಿನ ದಿನ ಎಂದು ಅವನಿಗೆ ತಿಳಿಯಿತು, ತಿಳಿದದ್ದು ನನಗೆ ಕಂಡಿತು. ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಠಸ್ಸೆಯ ತಾರೀಖು ಸರಿಮಾಡುತ್ತಿದ್ದೆ.

‘ನಾನೇ ಸ್ವಾಮಿ. ಎಲ್ಲೋ ಬಿದ್ದೋಗಿರ್ಬೇಕು. ನಂದೇ ತಪ್ಪು,’ ಅಂದ.

ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇವತ್ತಿನಿಂದಲೇ ಕೆಲಸವಿಲ್ಲ. ಇನ್‌ಸ್ಪೆಕ್ಟರು ಬಸ್ಸಿಗೆ ಹೋದ ಮೇಲೆ ಕಾಟಯ್ಯ ಚೀಲ, ಖಾಕಿ ಅಂಗಿ, ಕೊಡೆ ತಂದು ಮೇಜಿನ ಮೇಲೆ ಇಟ್ಟ. ಯಾಕೆ ಹಾಗಂದೆ ಕಾಟಯ್ಯ ಎಂದು ಕೇಳಿದೆ.

‘ನಾನು ಹಟ್ಟೀಲಿದ್ದೆ ಅಂದ್ರೆ, ಹಾಜ್ರಿ ಯಾರಾಕಿದ್ದು ಅಂತ ಬತ್ತದೆ. ನಿಮ್ ಕೆಲ್ಸ ಹೋಯ್ತದೆ. ಹದ್ನಾಕು ವರ್ಸ ನಮ್ ದ್ಯಾವ್ರಿಗೋಸ್ಕರ ಸುಳ್ಳು ಬರ್ದೋರು ನೀವು, ನಾನೊಂದು ಹೇಳಿದ್ರೇನಾಯ್ತು,’ ಅಂದ. ಮೆಟ್ಟಿಲಿಳಿದವನು ತಿರುಗಿ, ‘ಸೈಕಲ್ ಮ್ಯಾಲೆ ಬರ್ತಾ ಎಲ್ಲೋ ಜಾರಿರ್ತದೆ, ಮನಸ್ಸಿಗೆ ಹಚ್ಕೋಬ್ಯಾಡಿ. ನೀವೇನು ಬೇಕೂಂತ ಮಾಡಿದ್ರಾ?’ ಅಂದ.

೩೧-೭-೧೯೭೮

ಬರೆಯುವುದೇನೂ ಇಲ್ಲ.

೬-೮-೧೯೭೮, ಭಾನುವಾರ

ಹೊಂಬಾಳಮ್ಮ ಮಾತು ಬಿಟ್ಟು ಹತ್ತು ದಿನ. ಬಡಿಸುತ್ತಾಳೆ, ಹೋಗುತ್ತಾಳೆ. ಇವತ್ತು ಒಂದು ಮೂಟೆ ರಾಗಿ, ಎರಡು ಗೊನೆ ಕಾಯಿ ಗಾಡಿಗೆ ಹಾಕಿಸಿ ಹಟ್ಟಿಗೆ ಕಳಿಸಿದಳು. ನನ್ನನ್ನು ಕೇಳಲಿಲ್ಲ. ಸಾಯಂಕಾಲ ಗಾಡಿ ಹಾಗೇ ವಾಪಸ್ಸು ಬಂತು. ಕಾಟಯ್ಯನ ಹೆಂಡತಿ ಕ್ಯಾತಮ್ಮ ‘ಕಾಗ್ದ ಕಳ್ದೋರ ಮನೇಗೆ ಇದೆಲ್ಲ ಯಾಕವ್ವ’ ಅಂದಳಂತೆ. ಗಾಡಿಯವನು ಹೇಳಿದ್ದನ್ನು ಹೊಂಬಾಳಮ್ಮ ನನಗೆ ಕೇಳುವ ಹಾಗೆ ಒಲೆಗೆ ಹೇಳಿದಳು.

ಎಲ್ಲದಕ್ಕೂ ಮೂಲ ಕೆಂಪಯ್ಯ. ಅವನು ನನಗೆ ಮೋಸ ಮಾಡದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

೨೦-೮-೧೯೭೮, ಭಾನುವಾರ

ಕೆಂಪಯ್ಯ ಬೆಳಗ್ಗೆಯೇ ಬಂದು ಕೈ ಹಿಡಿದು ಎಳೆದುಕೊಂಡು ಹೋದ. ದೋಣಿಗೆ ಟಾರು ಬಳಿದು ಕೆರೆಗೆ ಇಳಿಸಿದ್ದ. ಬಲೆ ಮಾರಿಬಿಟ್ಟನಂತೆ. ‘ಆರ್ಸಿದೋನು ನೀನು, ಮೊದ್ಲು ನೀನು ಹತ್ತು,’ ಅಂದ. ಹತ್ತಿದೆ. ಓಲಾಡಲಿಲ್ಲ. ನಾನು ಆರಿಸಿದ್ದು ಸರಿಯಾಗಿಯೇ ಇತ್ತು.

ಜಾಲಿ ಮರದ ನಡುವೆ ನಿಲ್ಲಿಸಿ ಎದುರಾಬದುರು ಕೂತೆವು. ಕಪ್ಪೆ ಪೋಣಿಸಿ ಎಸೆದ ಮೂರನೆಯ ಸಲಕ್ಕೇ ನನ್ನ ಗಾಳಕ್ಕೆ ದೊಡ್ಡ ಕೊರವ ಬಿತ್ತು. ಇಬ್ಬರೂ ಸೇರಿ ಎಳೆದು ಹಾಕಿದೆವು. ತೊಡೆಗಾತ್ರವೇ ಇತ್ತು, ಕೆಂಪಯ್ಯ ಹೇಳಿದ್ದೇ ಸರಿ. ಇಪ್ಪತ್ತು ವರ್ಷದ ಆಸೆ ಎಂದು ಅವನು ಮೀನಿನ ಬಾಯಿಗೆ ಮುತ್ತು ಕೊಡಲು ಹೋದ. ನನಗೂ ನಗು ಬಂತು.

ಬುತ್ತಿ ಬಿಚ್ಚಿದಾಗ ಅವನು ಕಾಟಯ್ಯನ ಮಾತು ತೆಗೆದ. ಹಟ್ಟಿ ಬಿಟ್ಟು ಹೆಂಡತಿ ಜೊತೆ ಕುರಿ ಹೊಡೆದುಕೊಂಡು ಹುಳಿಯಾರಿನ ಆಚೆಗೆ ಹೋದನಂತೆ. ಊರಿನಲ್ಲಿ ಮುಖ ತೋರಿಸಲಾರದೆ.

‘ನಂದು ಹೋಗ್ಲಿ ಬುಡು, ನಿನ್ನ ನೆನಸ್ಕೊಂಡ್ರೆ ಹೊಟ್ಟೆ ಉರೀತದೆ,’ ಅಂದ ಕೆಂಪಯ್ಯ. ‘ಅಷ್ಟು ವರ್ಸ ಅನ್ನ ಇಕ್ಕಿದ್ದೀಯ, ಎಷ್ಟು ನಂಬಿದ್ದೆ ಅವನ್ನ. ಅಂಥೋನೇ ಮೋಸ ಮಾಡಿದ್ರೆ ಇನ್ಯಾರನ್ನ ನಂಬೋದು ಹೇಳು?’

‘ಯಾರನ್ನೂ ನಂಬೋ ಹಂಗಿಲ್ಲ ಕಣ್ಲಾ,’ ಅಂದೆ.

ಹೌದು ಹೌದು ಎಂದು ತಲೆಯಾಡಿಸಿದ. ನಾನು ಹೇಳಿದ್ದು ಅವನನ್ನು ಕುರಿತೇ. ಅವನಿಗೆ ತಿಳಿಯಲಿಲ್ಲ.